ಮಕ್ಕಳ ಮನೆಗೆ ಬಂದ ಹೆಸರು ಬಾಜಿಯ ಅಂಗಡಿಗೆ: ಮನರಂಜನಾ ಕಂಪನಿಗಳು ಬೆಟ್ಟಿಂಗಿಗೆ ಇಳಿಯುವುದು ಸರಿಯೇ?

ಶಿಕ್ಷಕಿ, ಹಾಸನ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಹಾಸನದ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುವ ನಾನು ಎರಡು ವರ್ಷಗಳಿಂದ ಮನಸ್ಸಿನಲ್ಲೇ ಇಟ್ಟುಕೊಂಡಿದ್ದ ವಿಷಯವೊಂದನ್ನು ಇಲ್ಲಿ ಚರ್ಚೆಗೆ ಇಡುತ್ತಿದ್ದೇನೆ. ಬರಹ ಉದ್ದವಾಗಿದೆ, ದಯವಿಟ್ಟು ಪೂರ್ತಿ ಓದಿ ಅಭಿಪ್ರಾಯ ತಿಳಿಸಿ.

2023ರ ಡಿಸೆಂಬರಿನಲ್ಲಿ ನಾನು ಅಮೆರಿಕದ ನ್ಯೂಜೆರ್ಸಿಯಲ್ಲಿರುವ ತಂಗಿಯ ಮನೆಗೆ ಹೋಗಿದ್ದೆ. ಅವಳ ಮಗನಿಗೆ ಆಗ ಒಂಬತ್ತು ವರ್ಷ. ಒಂದು ಸಂಜೆ ಅಪ್ಪನ ಪಕ್ಕದಲ್ಲಿ ಕುಳಿತು ಬ್ಯಾಸ್ಕೆಟ್‌ಬಾಲ್ ನೋಡುತ್ತಿದ್ದವನು ನನ್ನ ಕಡೆ ತಿರುಗಿ, "ದೊಡ್ಡಮ್ಮ, ಇವರು ಗೆಲ್ಲುತ್ತಾರೆ, ಆದರೆ ಏಳಕ್ಕಿಂತ ಹೆಚ್ಚು ಅಂಕಗಳಿಂದ ಗೆಲ್ಲುವುದಿಲ್ಲ" ಎಂದ. ಹುಡುಗ ಆಟವನ್ನು ಇಷ್ಟು ಚೆನ್ನಾಗಿ ಬಲ್ಲನೆಂದು ನನಗೆ ಹೆಮ್ಮೆಯಾಯಿತು. ಆ ಏಳು ಎಂಬ ಸಂಖ್ಯೆ ಅವನು ಆಟ ನೋಡಿ ಕಂಡುಕೊಂಡದ್ದಲ್ಲ, ಪರದೆಯ ಅಂಚಿನಲ್ಲಿ ಹರಿದುಹೋಗುತ್ತಿದ್ದ ಬೆಟ್ಟಿಂಗ್ ಲೆಕ್ಕ ಎಂದು ತಂಗಿಯ ಗಂಡ ಹೇಳಿದ ಮೇಲೆ ಆ ಹೆಮ್ಮೆ ಉಳಿಯಲಿಲ್ಲ. ಅವನು ಯಾವ ವಾಹಿನಿ ನೋಡುತ್ತಿದ್ದ ಎನ್ನುವುದು ಮುಖ್ಯವಲ್ಲ. ಅಲ್ಲಿ ಈಗ ಹೆಚ್ಚು ಕಡಿಮೆ ಎಲ್ಲ ಕ್ರೀಡಾ ಪ್ರಸಾರದಲ್ಲೂ ಇದೇ ರೀತಿ ಎಂದು ಅವರು ಹೇಳಿದರು.

ಊರಿಗೆ ಮರಳಿದ ಮೇಲೆ ಈ ಬಗ್ಗೆ ಓದಿದೆ. ಅಮೆರಿಕದಲ್ಲಿ 1992ರ ಒಂದು ಕೇಂದ್ರ ಕಾನೂನು ಬಹುತೇಕ ರಾಜ್ಯಗಳಿಗೆ ಕ್ರೀಡಾ ಬೆಟ್ಟಿಂಗಿಗೆ ಪರವಾನಗಿ ಕೊಡದಂತೆ ತಡೆ ಹಾಕಿತ್ತು. ನ್ಯೂಜೆರ್ಸಿ ರಾಜ್ಯವೇ ನಡೆಸಿದ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟು 2018ರ ಮೇ 14ರಂದು ಆ ಕಾನೂನನ್ನು ರದ್ದುಪಡಿಸಿತು. ಅಲ್ಲಿಂದ ಮುಂದೆ ರಾಜ್ಯಗಳು ಒಂದೊಂದಾಗಿ ಬಾಗಿಲು ತೆರೆದವು. 2023ರ ಆಗಸ್ಟಿನಲ್ಲಿ, ವಾಲ್ಟ್ ಡಿಸ್ನಿ ಕಂಪನಿಯ ಹಿಡಿತದಲ್ಲಿರುವ ಕ್ರೀಡಾ ವಾಹಿನಿ ಇಎಸ್‌ಪಿಎನ್, ಕ್ಯಾಸಿನೊಗಳನ್ನು ನಡೆಸುವ ಪೆನ್ ಎಂಟರ್‌ಟೇನ್‌ಮೆಂಟ್ ಕಂಪನಿಯೊಂದಿಗೆ ಹತ್ತು ವರ್ಷಗಳ ಒಪ್ಪಂದ ಮಾಡಿಕೊಂಡಿತು. ಪೆನ್ ಕೊಡಬೇಕಾದದ್ದು 150 ಕೋಟಿ ಡಾಲರ್ ನಗದು, ಜೊತೆಗೆ ಸುಮಾರು 50 ಕೋಟಿ ಡಾಲರ್ ಬೆಲೆಯ ಷೇರು ಖರೀದಿಯ ಹಕ್ಕು. ಅದಕ್ಕೆ ಪ್ರತಿಯಾಗಿ ಇಎಸ್‌ಪಿಎನ್ ಕೊಟ್ಟದ್ದು ತನ್ನ ಹೆಸರು ಮತ್ತು ತನ್ನ ಪ್ರಚಾರ. ನವೆಂಬರ್ 14ರಂದು 17 ರಾಜ್ಯಗಳಲ್ಲಿ "ಇಎಸ್‌ಪಿಎನ್ ಬೆಟ್" ಎಂಬ ಬೆಟ್ಟಿಂಗ್ ಆ್ಯಪ್ ಆರಂಭವಾಯಿತು. 1923ರ ಅಕ್ಟೋಬರಿನಲ್ಲಿ ಹುಟ್ಟಿದ ಡಿಸ್ನಿ ಕಂಪನಿಗೆ ನೂರು ವರ್ಷ ತುಂಬಿ ಆಗ ಇನ್ನೂ ಒಂದು ತಿಂಗಳಾಗಿತ್ತು.

ನನ್ನ ಪ್ರಶ್ನೆ ಬೆಟ್ಟಿಂಗ್ ಒಳ್ಳೆಯದೋ ಕೆಟ್ಟದೋ ಎಂಬುದಲ್ಲ; ಅದಕ್ಕೆ ಉತ್ತರ ನಮ್ಮ ಊರುಗಳಲ್ಲಿ ಎಲ್ಲರಿಗೂ ಗೊತ್ತಿದೆ. ಕೆಲವು ಹೆಸರುಗಳನ್ನು ನಾವು ಪರೀಕ್ಷೆ ಮಾಡದೆ ಮನೆಯೊಳಗೆ ಬಿಟ್ಟುಕೊಂಡಿದ್ದೇವೆ. ಮಗು ಏನು ನೋಡುತ್ತಿದೆ ಎಂದು ಅಡುಗೆಮನೆಯಿಂದ ಕೇಳಿದಾಗ ಆ ಹೆಸರು ಕೇಳಿಸಿದರೆ ನಿಶ್ಚಿಂತೆಯಿಂದ ಮತ್ತೆ ಒಲೆಯ ಕಡೆ ತಿರುಗುತ್ತೇವೆ. ಆ ನಿಶ್ಚಿಂತೆ ಕಂಪನಿಯ ಆಸ್ತಿಯೇ, ಅಥವಾ ನಾವು ಅವರ ಬಳಿ ಇಟ್ಟ ಠೇವಣಿಯೇ? ಠೇವಣಿಯಾದರೆ ಅದನ್ನು ಇನ್ನೊಬ್ಬರಿಗೆ ಬಾಡಿಗೆಗೆ ಕೊಡುವ ಹಕ್ಕು ಅವರಿಗೆ ಎಲ್ಲಿಂದ ಬಂತು?

ಕಾಫಿ ಬೆಳೆಗಾರ, ಮೂಡಿಗೆರೆ

ಮೇಡಂ, ತಾವು ಬರೆದುದನ್ನು ಗೌರವದಿಂದಲೇ ಓದಿದೆ, ಆದರೆ ಪೂರ್ತಿಯಾಗಿ ಒಪ್ಪಲು ಆಗುತ್ತಿಲ್ಲ. ಕಾನೂನು ಒಪ್ಪಿದ ವ್ಯವಹಾರವನ್ನು, 21 ವರ್ಷ ತುಂಬಿದವರಿಗಾಗಿ, ಪರವಾನಗಿ ಪಡೆದು, ತೆರಿಗೆ ಕಟ್ಟಿ ನಡೆಸಿದರೆ ತಪ್ಪೆಲ್ಲಿದೆ? ಡಿಸ್ನಿಯವರು ಮಿಕ್ಕಿ ಇಲಿಯ ಚಿತ್ರವನ್ನು ಬೆಟ್ಟಿಂಗ್ ಆ್ಯಪಿನ ಮೇಲೆ ಅಂಟಿಸಲಿಲ್ಲ. ಇಎಸ್‌ಪಿಎನ್ ದೊಡ್ಡವರು ನೋಡುವ ಕ್ರೀಡಾ ವಾಹಿನಿ. ಒಂದೇ ಮನೆತನದ ಒಬ್ಬ ಮಗ ಶಾಲೆ ನಡೆಸಿ ಇನ್ನೊಬ್ಬ ವೈನ್ ಶಾಪ್ ನಡೆಸಿದರೆ ಶಾಲೆ ಕೆಟ್ಟದೆಂದು ನಾವು ಹೇಳುವುದಿಲ್ಲ.

ಇನ್ನೊಂದು ಮಾತು. ನಮ್ಮಲ್ಲಿ ಕಾನೂನಿನ ಒಪ್ಪಿಗೆ ಇಲ್ಲದೆಯೇ ಬೆಟ್ಟಿಂಗ್ ನಡೆಯುತ್ತಿಲ್ಲವೇ? ಐಪಿಎಲ್ ಬಂತೆಂದರೆ ಮೂಡಿಗೆರೆಯಿಂದ ಸಕಲೇಶಪುರದವರೆಗೆ ಯಾವ ಟೀ ಅಂಗಡಿಯಲ್ಲಿ ಕುಳಿತರೂ ದರ ಕೇಳಿಸುತ್ತದೆ. ಬುಕ್ಕಿಗೆ ಪರವಾನಗಿ ಇಲ್ಲ, ಲೆಕ್ಕ ಪುಸ್ತಕ ಇಲ್ಲ, ದೂರು ಕೊಡಲು ಜಾಗವಿಲ್ಲ. ಭಾರತದ ಕಾನೂನು ಆಯೋಗವೇ 2018ರ ತನ್ನ 276ನೇ ವರದಿಯಲ್ಲಿ, ಪೂರ್ತಿ ತಡೆಯಲು ಆಗದಿದ್ದರೆ ನಿಯಂತ್ರಣಕ್ಕೆ ಒಳಪಡಿಸುವುದೇ ಉಳಿದ ದಾರಿ ಎಂಬ ನಿಲುವು ತೆಗೆದುಕೊಂಡಿತ್ತು. ಕಳ್ಳ ಬುಕ್ಕಿಗಿಂತ ಹೆಸರುಳ್ಳ ಕಂಪನಿ ವಾಸಿ ಎಂಬುದು ನನ್ನ ಅಭಿಪ್ರಾಯ.

ಶಿಕ್ಷಕಿ, ಹಾಸನ

ಸರ್, ತಮ್ಮ ಪ್ರಶ್ನೆ ನ್ಯಾಯವಾದದ್ದು. "ಹೆಸರುಳ್ಳ ಕಂಪನಿ ವಾಸಿ" ಎಂದಿರಿ. ನನಗೆ ಭಯವಿರುವುದು ಆ ಹೆಸರಿನ ಬಗ್ಗೆಯೇ. ಕಳ್ಳ ಬುಕ್ಕಿಯ ಬಳಿಗೆ ಹೋಗುವ ಹುಡುಗನಿಗೆ ತಾನು ಮಾಡುತ್ತಿರುವುದು ತಪ್ಪು ಎಂದು ಗೊತ್ತಿರುತ್ತದೆ. ಅವನು ಅಪ್ಪನಿಗೆ ಹೆದರುತ್ತಾನೆ, ಊರಿಗೆ ಹೆದರುತ್ತಾನೆ. ಹಲವರನ್ನು ಹೊಸ್ತಿಲಲ್ಲೇ ನಿಲ್ಲಿಸುವುದು ಆ ಹೆದರಿಕೆ. ದೊಡ್ಡ ಹೆಸರು ಸೇರಿಕೊಂಡಾಗ ಮೊದಲು ಹೋಗುವುದೂ ಅದೇ.

ಶಾಲೆ ಮತ್ತು ವೈನ್ ಶಾಪಿನ ಉದಾಹರಣೆಗೆ ಬರುತ್ತೇನೆ. ಇಬ್ಬರು ಅಣ್ಣತಮ್ಮಂದಿರು ಬೇರೆ ಬೇರೆ ಅಂಗಡಿ ಇಟ್ಟರೆ ನನ್ನ ಆಕ್ಷೇಪವಿಲ್ಲ. ಆದರೆ ಅಲ್ಲಿ ಮಕ್ಕಳ ಚಿತ್ರಗಳನ್ನೂ ಕ್ರೀಡೆಯನ್ನೂ ಒಂದೇ ಚಂದಾದಲ್ಲಿ ಕಟ್ಟಿಕೊಡುತ್ತಾರೆ. ಶಾಲೆಗೂ ವೈನ್ ಶಾಪಿಗೂ ಒಂದೇ ಬಾಗಿಲಿಟ್ಟಂತೆ ಅದು.

ಈ ವ್ಯತ್ಯಾಸ ಆ ಕಂಪನಿಗೆ ತಿಳಿಯದ್ದೇನಲ್ಲ. ಡಿಸ್ನಿಯ ಹಡಗುಗಳಲ್ಲಿ ಕ್ಯಾಸಿನೊ ಇಲ್ಲ. ಬೇರೆ ಬಹುತೇಕ ಪ್ರವಾಸಿ ಹಡಗುಗಳಲ್ಲಿ ಇದೆ. 2018ರಲ್ಲಿ ಫ್ಲಾರಿಡಾದಲ್ಲಿ ಹೊಸ ಕ್ಯಾಸಿನೊಗಳಿಗೆ ಮತದಾರರ ಒಪ್ಪಿಗೆ ಬೇಕೆಂಬ ಸಂವಿಧಾನ ತಿದ್ದುಪಡಿ ಮತಕ್ಕೆ ಬಂದಾಗ ಅದರ ಪರವಾಗಿ ಡಿಸ್ನಿ ಕೋಟ್ಯಂತರ ಡಾಲರ್ ಖರ್ಚು ಮಾಡಿತು, ಏಕೆಂದರೆ ಕುಟುಂಬಗಳು ಬರುವ ಊರು ಜೂಜಿನ ಊರಾಗುವುದು ಅದಕ್ಕೆ ಬೇಡವಾಗಿತ್ತು. 2019ರ ಆರಂಭದಲ್ಲಿ ಕಂಪನಿಯ ಮುಖ್ಯಸ್ಥ ಬಾಬ್ ಐಗರ್, ಸದ್ಯದ ದಿನಗಳಲ್ಲಿ ಡಿಸ್ನಿ ಜೂಜಿನ ವ್ಯವಹಾರಕ್ಕೆ ಇಳಿಯುವುದು ತಮಗೆ ಕಾಣುತ್ತಿಲ್ಲ ಎಂದು ಹೂಡಿಕೆದಾರರ ಮುಂದೆ ಹೇಳಿದ್ದರು. ಅದೇ ವರ್ಷ 21ನೇ ಸೆಂಚುರಿ ಫಾಕ್ಸ್ ಕಂಪನಿಯ ಖರೀದಿಯೊಂದಿಗೆ ಡ್ರಾಫ್ಟ್‌ಕಿಂಗ್ಸ್ ಎಂಬ ಬೆಟ್ಟಿಂಗ್ ಕಂಪನಿಯ ಒಂದಷ್ಟು ಷೇರುಗಳು ಡಿಸ್ನಿಯ ಕೈಗೆ ಬಂದವು. 2021ರ ಹೊತ್ತಿಗೆ ಆಗಿನ ಮುಖ್ಯಸ್ಥ ಬಾಬ್ ಚಾಪೆಕ್, ಬೆಟ್ಟಿಂಗ್ ಬಗ್ಗೆ ಜನರ ಭಾವನೆ ಬದಲಾಗಿದೆ, ಇದರಿಂದ ಇಎಸ್‌ಪಿಎನ್ ಹೆಸರಿಗೆ ಧಕ್ಕೆ ಇಲ್ಲ ಎಂಬ ಅರ್ಥದ ಮಾತು ಆಡಿದರು. 2023ರಲ್ಲಿ ಒಪ್ಪಂದಕ್ಕೆ ಸಹಿ ಬಿದ್ದಾಗ ಮತ್ತೆ ಐಗರ್ ಅವರೇ ಮುಖ್ಯಸ್ಥರಾಗಿದ್ದರು.

ನಾಲ್ಕು ವರ್ಷಗಳಲ್ಲಿ ಬದಲಾದದ್ದು ಏನು? ಜೂಜಿನ ಸ್ವರೂಪ ಬದಲಾಗಲಿಲ್ಲ, ಮಕ್ಕಳೂ ಬದಲಾಗಲಿಲ್ಲ.

ಗಣಿತ ಉಪನ್ಯಾಸಕ, ಚಿಕ್ಕಮಗಳೂರು

ಮೂಡಿಗೆರೆಯ ಸರ್ "ಲೆಕ್ಕ ಪುಸ್ತಕ ಇರುವ ಕಂಪನಿ" ಎಂಬ ಅರ್ಥದಲ್ಲಿ ಬರೆದಿದ್ದಾರೆ. ಆ ಲೆಕ್ಕವನ್ನೇ ಸ್ವಲ್ಪ ಬಿಡಿಸಿ ನೋಡೋಣ, ಏಕೆಂದರೆ ಪರವಾನಗಿ ಇದ್ದ ಮಾತ್ರಕ್ಕೆ ಲೆಕ್ಕ ಆಟಗಾರನ ಪರವಾಗಿ ಬದಲಾಗುವುದಿಲ್ಲ.

ಅಮೆರಿಕದಲ್ಲಿ ಸಾಮಾನ್ಯವಾದ ದರ ಹೀಗಿದೆ: 100 ಡಾಲರ್ ಗೆಲ್ಲಲು 110 ಡಾಲರ್ ಕಟ್ಟಬೇಕು. ಎರಡು ಕಡೆಗೂ ಒಬ್ಬೊಬ್ಬರು ಕಟ್ಟಿದರೆಂದುಕೊಳ್ಳಿ. ಕಂಪನಿಯ ಕೈಗೆ ಬಂದದ್ದು 220. ಗೆದ್ದವನಿಗೆ ಅವನ 110 ಮತ್ತು ಗೆಲುವಿನ 100 ಸೇರಿ 210 ಹೋಗುತ್ತದೆ. ಉಳಿದ 10 ಡಾಲರ್ ಕಂಪನಿಯದು, ಅಂದರೆ ನೂರಕ್ಕೆ ನಾಲ್ಕೂವರೆ. ಈ ದರದಲ್ಲಿ ಆಟಗಾರ ಬಂಡವಾಳ ಕಳೆದುಕೊಳ್ಳದೆ ಉಳಿಯಬೇಕಾದರೆ ನೂರು ಸಲದಲ್ಲಿ 52ಕ್ಕಿಂತ ಹೆಚ್ಚು ಸಲ ಸರಿಯಾಗಿ ಊಹಿಸಬೇಕು. ವರ್ಷವಿಡೀ ಅದನ್ನು ಸಾಧಿಸುವವರು ಬಹಳ ವಿರಳ.

ಇದು ಬರಿಯ ಆರಂಭ. ಆ್ಯಪುಗಳು ಈಗ ಹೆಚ್ಚು ಪ್ರಚಾರ ಕೊಡುವುದು ಹಲವು ಊಹೆಗಳನ್ನು ಒಂದೇ ಸರಕ್ಕೆ ಪೋಣಿಸುವ ಬಾಜಿಗೆ. ಈ ತಂಡ ಗೆಲ್ಲಬೇಕು, ಈ ಆಟಗಾರ ಇಷ್ಟು ಅಂಕ ಗಳಿಸಬೇಕು, ಮತ್ತೊಂದು ಪಂದ್ಯದಲ್ಲಿ ಇನ್ನೇನೋ ಆಗಬೇಕು. ಎಲ್ಲವೂ ಸರಿಯಾದರೆ ಮಾತ್ರ ಹಣ. ಸಮಸಮ ಸಾಧ್ಯತೆಯ ನಾಲ್ಕು ಊಹೆಗಳು ಒಟ್ಟಿಗೆ ಸರಿಯಾಗುವ ಸಂಭವ ಹದಿನಾರರಲ್ಲಿ ಒಂದು. ನ್ಯಾಯವಾಗಿ ಒಂದು ಡಾಲರಿಗೆ 16 ಡಾಲರ್ ಬರಬೇಕು. ಮೇಲಿನ ದರವನ್ನೇ ನಾಲ್ಕು ಸಲ ಗುಣಿಸಿದರೆ ಬರುವುದು ಸುಮಾರು 13 ಡಾಲರ್ 28 ಸೆಂಟ್. ನಾಲ್ಕೂವರೆ ಇದ್ದ ಕಂಪನಿಯ ಪಾಲು ನೂರಕ್ಕೆ ಹದಿನೇಳಾಯಿತು. ನೋಡುವವನ ಕಣ್ಣಿಗೆ ಕಾಣುವುದು "ಒಂದಕ್ಕೆ ಹದಿಮೂರು" ಎಂಬ ಆಸೆ ಮಾತ್ರ.

ದ್ವಿತೀಯ ಪಿಯುಸಿ ತರಗತಿಯಲ್ಲಿ ಸಂಭವನೀಯತೆಯ ಪಾಠ ಮಾಡುವಾಗ ಈ ಲೆಕ್ಕವನ್ನು ನಾನು ಹಲಗೆಯ ಮೇಲೆ ಬಿಡಿಸುತ್ತೇನೆ. ಹಿಂದಿನ ಬೆಂಚಿನ ಹುಡುಗರು ಆ ದಿನ ಮಾತ್ರ ಪೂರ್ತಿ ಎಚ್ಚರವಾಗಿರುತ್ತಾರೆ. ಏಕೆಂದು ನಾನು ಕೇಳುವುದಿಲ್ಲ, ಆದರೆ ನನಗೆ ಗೊತ್ತು.

ವಕೀಲ, ಹಾಸನ

ಚರ್ಚೆ ಅಮೆರಿಕದಲ್ಲೇ ನಿಲ್ಲದಿರಲಿ ಎಂದು ನಮ್ಮ ಕಾನೂನಿನ ಸ್ಥಿತಿಯನ್ನು ತಿಳಿಸುತ್ತೇನೆ.

ಬಾಜಿ ಮತ್ತು ಜೂಜು ಸಂವಿಧಾನದ ಏಳನೇ ಅನುಸೂಚಿಯಲ್ಲಿ ರಾಜ್ಯಪಟ್ಟಿಯ ವಿಷಯ. 1996ರಲ್ಲಿ ಸುಪ್ರೀಂ ಕೋರ್ಟು ಕುದುರೆ ಪಂದ್ಯವನ್ನು ಕೌಶಲದ ಆಟವೆಂದು, ಅಂದರೆ ಜೂಜಲ್ಲವೆಂದು, ಹೇಳಿದ್ದು ಮುಂದಿನ ಎಲ್ಲ ವಾದಗಳಿಗೂ ಬುನಾದಿಯಾಯಿತು. ನಿಜವಾದ ಆಟಗಾರರನ್ನು ಆರಿಸಿ ತಮ್ಮದೇ ಕಾಲ್ಪನಿಕ ತಂಡ ಕಟ್ಟಿ, ಹಣ ಹಾಕಿ ಆಡುವ ಫ್ಯಾಂಟಸಿ ಕ್ರಿಕೆಟನ್ನು ಹಲವು ಹೈಕೋರ್ಟುಗಳು ಇದೇ ತರ್ಕದಲ್ಲಿ ಕೌಶಲದ ಆಟವೆಂದು ಒಪ್ಪಿದವು. ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತ್ತು. 2022ರ ಫೆಬ್ರವರಿಯಲ್ಲಿ ನಮ್ಮ ಹೈಕೋರ್ಟು ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತು ಆನ್‌ಲೈನ್ ಆಟಗಳ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆಯನ್ನು ಅಂಗೀಕರಿಸಿತು. ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಈ ಕಾಯ್ದೆಯ ಮುಖ್ಯ ಬದಲಾವಣೆ ಎಂದರೆ, ಆಟ ಕೌಶಲದ್ದೋ ಅದೃಷ್ಟದ್ದೋ ಎಂಬ ಪ್ರಶ್ನೆಯನ್ನೇ ಅದು ಪಕ್ಕಕ್ಕಿಟ್ಟಿದೆ. ಹಣ ಕಟ್ಟಿ ಹಣ ಗೆಲ್ಲುವ ಆಸೆಯಿಂದ ಆಡುವುದಾದರೆ ಅದು ನಿಷಿದ್ಧ. ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಕೊಡುವವರಿಗೆ ಎರಡು ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ. ಆಡಿದವನಿಗೆ ಶಿಕ್ಷೆ ಇಲ್ಲ, ಅವನನ್ನು ನೊಂದವನೆಂದು ಕಾಣಲಾಗಿದೆ. ಕಾಯ್ದೆಯನ್ನು ಪ್ರಶ್ನಿಸಿದ ಅರ್ಜಿಗಳನ್ನು ಕರ್ನಾಟಕವೂ ಸೇರಿದಂತೆ ಬೇರೆ ಬೇರೆ ಹೈಕೋರ್ಟುಗಳಿಂದ ಸುಪ್ರೀಂ ಕೋರ್ಟು ತನ್ನ ಬಳಿಗೆ ತರಿಸಿಕೊಂಡಿತು.

ಜಾಹೀರಾತನ್ನು ಪ್ರತ್ಯೇಕ ಅಪರಾಧವಾಗಿ ಮಾಡಿರುವುದನ್ನು ಗಮನಿಸಿ. ಮೇಡಂ ಎತ್ತಿದ ಪ್ರಶ್ನೆ ಇಲ್ಲಿಗೇ ಬಂದು ಮುಟ್ಟುತ್ತದೆ. ಬಾಜಿ ಕಟ್ಟಿಸಿಕೊಳ್ಳುವವನಷ್ಟೇ ಅಲ್ಲ, ಅವನಿಗೆ ತನ್ನ ಮುಖವನ್ನೋ ಹೆಸರನ್ನೋ ಕೊಟ್ಟವನೂ ಹೊಣೆಗಾರ ಎಂಬ ತತ್ತ್ವವನ್ನು ನಮ್ಮ ಶಾಸನ ಒಪ್ಪಿಕೊಂಡಿದೆ.

ಬೇಲೂರಿನವ, ಈಗ ನ್ಯೂಜೆರ್ಸಿಯಲ್ಲಿ

ನನ್ನ ಊರು ಬೇಲೂರು, ಹನ್ನೊಂದು ವರ್ಷಗಳಿಂದ ಇಲ್ಲಿದ್ದೇನೆ. ಮೇಡಂ ಹೇಳಿದ ಸಂಜೆ ನಮ್ಮ ಮನೆಯಲ್ಲೂ ನಡೆದಿದೆ, ಆದ್ದರಿಂದ ಬರೆಯಲೇಬೇಕೆನಿಸಿತು.

ಇಎಸ್‌ಪಿಎನ್ ಬೆಟ್ ಕಥೆ ಮುಗಿದಿದೆ ಎಂದು ಕೆಲವರು ಹೇಳಬಹುದು. ಹೌದು, ಪೆನ್ ಕಂಪನಿ ಇಟ್ಟುಕೊಂಡಿದ್ದ ಗುರಿ ಮುಟ್ಟಲಿಲ್ಲ. ಹತ್ತು ವರ್ಷಗಳ ಒಪ್ಪಂದ ಎರಡೇ ವರ್ಷಕ್ಕೆ, 2025ರ ಡಿಸೆಂಬರ್ 1ಕ್ಕೆ ಕೊನೆಯಾಯಿತು. ಆದರೆ ಆ ಮುಕ್ತಾಯವನ್ನು ಘೋಷಿಸಿದ ದಿನವೇ ಇಎಸ್‌ಪಿಎನ್ ಡ್ರಾಫ್ಟ್‌ಕಿಂಗ್ಸ್ ಜೊತೆ ಹೊಸ ಒಪ್ಪಂದವನ್ನೂ ಘೋಷಿಸಿತು. ಹೆಸರಿಗೆ ಕಳಂಕ ಬಂತೆಂದು ಹಿಂದೆ ಸರಿದದ್ದಲ್ಲ. ಒಬ್ಬ ಬಾಡಿಗೆದಾರ ಹೋದ, ಇನ್ನೊಬ್ಬ ಬಂದ.

ಇದು ಒಂದೇ ಕಂಪನಿಯ ಮಾತೂ ಅಲ್ಲ. ಡೇವ್ ಆ್ಯಂಡ್ ಬಸ್ಟರ್ಸ್ ಎಂಬ ಆಟದ ಮಳಿಗೆಗಳ ಸರಣಿ ಇಲ್ಲಿದೆ. ಊಟದ ಜೊತೆ ಚೆಂಡು ಎಸೆಯುವ, ರೇಸ್ ಓಡಿಸುವ ಯಂತ್ರದ ಆಟಗಳು. ಮಕ್ಕಳ ಹುಟ್ಟುಹಬ್ಬಕ್ಕೆ ಹೆತ್ತವರು ಹೋಗುವ ಜಾಗ. 2024ರ ಏಪ್ರಿಲ್ ಕೊನೆಯಲ್ಲಿ ಅವರು ಲೂಕ್ರಾ ಎಂಬ ತಂತ್ರಜ್ಞಾನ ಕಂಪನಿಯೊಂದಿಗೆ ಸೇರಿ, ವಯಸ್ಕ ಸದಸ್ಯರು ಆ ಆಟಗಳ ಮೇಲೆ ಪರಸ್ಪರ ಹಣ ಕಟ್ಟುವ ಸೌಲಭ್ಯ ತರುವುದಾಗಿ ಪ್ರಕಟಿಸಿದರು. ದೊಡ್ಡವರಿಗೆ ಮಾತ್ರ ಎಂಬ ನಿಯಮ ಇಟ್ಟರು, ಸರಿ. ಪಕ್ಕದ ಯಂತ್ರದಲ್ಲಿ ಎಂಟು ವರ್ಷದ ಮಗು ಆಡುತ್ತಿರುವಾಗ ಆ ನಿಯಮ ಅದರ ಕಣ್ಣಿಗೆ ಪರದೆ ಕಟ್ಟುತ್ತದೆಯೇ?

ಮಕ್ಕಳು ಬಾಜಿ ಕಟ್ಟುತ್ತಾರೆ ಎಂಬುದಕ್ಕಿಂತ, ಆಟವನ್ನು ನೋಡುವ ರೀತಿಯೇ ಅವರಲ್ಲಿ ಬದಲಾಗುತ್ತಿದೆ ಎಂಬುದು ನನ್ನ ಚಿಂತೆ. ನಾನು ಬೇಲೂರಿನಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಆಡುತ್ತಿದ್ದಾಗ ಸೋತ ತಂಡಕ್ಕಾಗಿ ಬೇಸರವಾಗುತ್ತಿತ್ತು, ಒಳ್ಳೆಯ ಹೊಡೆತ ಎದುರಾಳಿಯದಾದರೂ ಚಪ್ಪಾಳೆ ಬೀಳುತ್ತಿತ್ತು. ನನ್ನ ಮಗನ ಸಹಪಾಠಿಗಳು ಆಟಗಾರನೊಬ್ಬ ಗಾಯಗೊಂಡು ಕುಂಟುತ್ತಾ ಹೊರನಡೆದರೆ ಮೊದಲು ಕೇಳುವುದು, ಅವನ ಅಂಕ ಎಷ್ಟಕ್ಕೆ ನಿಂತಿತು ಎಂದು. ಇದನ್ನು ಕೇಳಿಸಿಕೊಂಡ ದಿನ ನನಗೆ ಊಟ ಸೇರಲಿಲ್ಲ.

ಬ್ಯಾಂಕ್ ನೌಕರ, ಅರಸೀಕೆರೆ

ಚುಟುಕಾಗಿ ಹೇಳುತ್ತೇನೆ. ಯಾವ ಬ್ಯಾಂಕ್, ಯಾವ ಗ್ರಾಹಕ ಎಂದು ಬರೆಯಲಾರೆ. ಚಿನ್ನದ ಸಾಲಕ್ಕೆ ಬರುವವರ ಕಾರಣಗಳು ನಮಗೆ ಬಾಯಿಪಾಠ: ಮದುವೆ, ಆಸ್ಪತ್ರೆ, ಕೊಳವೆಬಾವಿ, ಶಾಲೆಯ ಶುಲ್ಕ. ಐಪಿಎಲ್ ತಿಂಗಳುಗಳಲ್ಲಿ ಕಾರಣ ಹೇಳದ ಹುಡುಗರು ಬರುತ್ತಾರೆ, ಅಮ್ಮನ ಓಲೆ ತರುತ್ತಾರೆ. ಅವರ ಖಾತೆಯ ವಿವರ ತೆರೆದರೆ ನೂರು, ಇನ್ನೂರು, ಐನೂರು ರೂಪಾಯಿಗಳ ಯುಪಿಐ ಪಾವತಿ ಸಾಲುಸಾಲಾಗಿ, ಎಲ್ಲವೂ ರಾತ್ರಿ ಎಂಟರಿಂದ ಹನ್ನೊಂದರ ನಡುವೆ. ದೊಡ್ಡ ಮೊತ್ತ ಒಂದೂ ಇರುವುದಿಲ್ಲ. ಕೂಡಿಸಿದಾಗಲೇ ಎದೆ ಧಸಕ್ಕೆನ್ನುತ್ತದೆ.

ಹಣದ ಆಟಗಳಿಂದ ವರ್ಷಕ್ಕೆ ಸುಮಾರು 45 ಕೋಟಿ ಜನ ಹತ್ತಿರ ಹತ್ತಿರ 20,000 ಕೋಟಿ ರೂಪಾಯಿ ಕಳೆದುಕೊಳ್ಳುತ್ತಾರೆಂದು ಕೇಂದ್ರ ಸರ್ಕಾರ ಮಸೂದೆ ತಂದಾಗ ಅಂದಾಜು ಕೊಟ್ಟಿತ್ತು. ಅಷ್ಟು ದೊಡ್ಡ ಸಂಖ್ಯೆ ನನ್ನ ತಲೆಗೆ ಹತ್ತುವುದಿಲ್ಲ. ಆ ಓಲೆಗಳು ಮಾತ್ರ ನೆನಪಿವೆ.

ಶಿಕ್ಷಕಿ, ಹಾಸನ

ವಕೀಲರಿಗೂ ಬೇಲೂರಿನವರಿಗೂ ಅರಸೀಕೆರೆಯವರಿಗೂ ಧನ್ಯವಾದಗಳು. ಮನೆಮಂದಿಯೆಲ್ಲ ಕುಳಿತು ನೋಡುವ ಮನರಂಜನೆ ಎಂದರೆ ನಮ್ಮಲ್ಲಿ ಮೊದಲು ನೆನಪಾಗುವುದು ಕ್ರಿಕೆಟ್. ಅದಕ್ಕೆ ಯಾವ ಹೆಸರುಗಳನ್ನು ಅಂಟಿಸಿದೆವು ಎಂಬುದನ್ನೂ ನೋಡಬೇಕಲ್ಲವೇ?

2020ರಲ್ಲಿ ಐಪಿಎಲ್‌ಗೆ ಡ್ರೀಮ್11 ಎಂಬ ಫ್ಯಾಂಟಸಿ ಕ್ರಿಕೆಟ್ ಆ್ಯಪ್ ಶೀರ್ಷಿಕೆ ಪ್ರಾಯೋಜಕತ್ವ ಪಡೆದದ್ದು 222 ಕೋಟಿ ರೂಪಾಯಿಗೆ. 2023ರಿಂದ ಅದೇ ಹೆಸರು ಭಾರತ ತಂಡದ ಅಂಗಿಯ ಎದೆಯ ಮೇಲೆ ಬಂತು. ಅದು ಆಗಿನ ಕಾನೂನಿನ ಪ್ರಕಾರ ಸರಿಯೇ ಇತ್ತು, ವಕೀಲರು ಹೇಳಿದಂತೆ ನ್ಯಾಯಾಲಯಗಳೂ ಒಪ್ಪಿದ್ದವು, ಆದ್ದರಿಂದ ಯಾರನ್ನೂ ಅಪರಾಧಿ ಎನ್ನುತ್ತಿಲ್ಲ. ಆದರೆ ನನ್ನ ಶಾಲೆಯ ಕ್ರೀಡಾ ದಿನದಂದು ಆರನೇ ತರಗತಿಯ ಮಕ್ಕಳು ಆ ನೀಲಿ ಅಂಗಿ ತೊಟ್ಟು ಸಾಲಾಗಿ ನಿಂತಿದ್ದರು. ಹದಿನೆಂಟು ತುಂಬದವರು ಆಡಬಾರದ ಆಟದ ಹೆಸರನ್ನು ಹನ್ನೊಂದು ವರ್ಷದವರು ಎದೆಯ ಮೇಲೆ ಹೊತ್ತಿದ್ದರು, ಮತ್ತು ನಾನೂ ಸೇರಿದಂತೆ ಯಾವ ಶಿಕ್ಷಕರಿಗೂ ಅದರಲ್ಲಿ ಏನೂ ವಿಚಿತ್ರ ಕಾಣಲಿಲ್ಲ. ಕಾಣದೇ ಹೋದದ್ದಕ್ಕೆ ನನಗೆ ಇಂದಿಗೂ ನೋವಿದೆ.

2025ರ ಸೆಪ್ಟೆಂಬರಿನ ಏಷ್ಯಾ ಕಪ್‌ನಲ್ಲಿ ನಮ್ಮ ತಂಡ ಪ್ರಾಯೋಜಕರ ಹೆಸರಿಲ್ಲದ ಅಂಗಿ ತೊಟ್ಟು ಆಡಿತು. ಎದೆಯ ನಡುವೆ ದೊಡ್ಡದಾಗಿ ಇದ್ದದ್ದು ದೇಶದ ಹೆಸರು. ತಂಡ ಕಪ್ ಗೆದ್ದೇ ಬಂತು.

ಪ್ರಸಾರದ ಕಡೆಯಿಂದಲೂ ನೋಡಿ. 2024ರ ನವೆಂಬರಿನಲ್ಲಿ ರಿಲಯನ್ಸ್ ಮತ್ತು ಡಿಸ್ನಿಯ ಭಾರತದ ಮಾಧ್ಯಮ ವ್ಯವಹಾರಗಳು ಒಂದಾದವು. ಆ ಜಂಟಿ ಸಂಸ್ಥೆಯಲ್ಲಿ ಡಿಸ್ನಿಗೆ 36.84 ಶೇಕಡಾ ಪಾಲಿದೆ. 2025ರ ಫೆಬ್ರವರಿಯಿಂದ ಜಿಯೋಹಾಟ್‌ಸ್ಟಾರ್ ಎಂಬ ಒಂದೇ ಆ್ಯಪಿನಲ್ಲಿ ಮಕ್ಕಳ ಕಾರ್ಟೂನೂ ಇದೆ, ಕನ್ನಡ ವೀಕ್ಷಕ ವಿವರಣೆಯ ಐಪಿಎಲ್ ಕೂಡ ಇದೆ. ಅಮೆರಿಕದಲ್ಲಿ ನಾನು ಕಂಡ ಒಂದೇ ಬಾಗಿಲು ಇಲ್ಲಿಗೂ ಬಂದಿದೆ. ಇಲ್ಲಿ ಕಾನೂನು ಸದ್ಯಕ್ಕೆ ಆ ಬಾಗಿಲಲ್ಲಿ ಬಾಜಿಯವನನ್ನು ತಡೆದು ನಿಲ್ಲಿಸಿದೆ. ನಾಳೆ ಕಾನೂನು ಸಡಿಲವಾದರೆ ತಡೆಯುವವರು ಯಾರು ಎಂಬುದೇ ನಾನು ಕೇಳುತ್ತಿರುವುದು. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಫುಟ್‌ಬಾಲ್ ತಂಡಗಳು, ಅಲ್ಲಿ ಬೆಟ್ಟಿಂಗ್ ಕಾನೂನುಬದ್ಧವಾಗಿದ್ದರೂ, 2025–26ರ ಋತು ಮುಗಿದ ಮೇಲೆ ಅಂಗಿಯ ಎದೆಭಾಗದಲ್ಲಿ ಜೂಜಿನ ಕಂಪನಿಗಳ ಹೆಸರು ಹಾಕಿಕೊಳ್ಳುವುದಿಲ್ಲವೆಂದು 2023ರಲ್ಲೇ ತಾವಾಗಿ ಒಪ್ಪಿಕೊಂಡವು. ಕಾನೂನು ಬಿಟ್ಟರೂ ಕಂಪನಿ ಬಿಡದಿರಲು ಸಾಧ್ಯವಿದೆ ಎಂಬುದಕ್ಕೆ ಅದೊಂದು ಸಾಕ್ಷಿ, ಅರ್ಧ ಹೆಜ್ಜೆಯೇ ಆಗಿರಲಿ.

ಕಾಫಿ ಬೆಳೆಗಾರ, ಮೂಡಿಗೆರೆ

ಮೂರು ದಿನಗಳಿಂದ ಇಲ್ಲಿ ಬಂದುದನ್ನೆಲ್ಲ ಓದುತ್ತಿದ್ದೇನೆ. ಕೆಲವು ಮಾತುಗಳನ್ನು ತಿದ್ದಿಕೊಳ್ಳಬೇಕಾಗಿದೆ.

ನಮ್ಮ ತಂದೆಯವರ ಕಾಲದಲ್ಲಿ ತೋಟದಲ್ಲಿ ಶನಿವಾರ ಬಟವಾಡೆ. ಬಟವಾಡೆಯ ಮರುದಿನ ಸಂತೆ. ಸಂತೆಯಲ್ಲಿ ಲಾಟರಿ ಮಾರುವವರು ಸಾಲಾಗಿ ಮೇಜು ಹಾಕಿಕೊಂಡು ಕೂರುತ್ತಿದ್ದರು. ವಾರದ ಕೂಲಿಯನ್ನು ಮಧ್ಯಾಹ್ನದೊಳಗೆ ಅಲ್ಲಿ ಸುರಿದು, ಸಂಜೆ ಅಕ್ಕಿಗೆ ಮುಂಗಡ ಕೇಳಲು ಬರುವವರನ್ನು ನಾನು ಚಿಕ್ಕವನಾಗಿದ್ದಾಗ ಕಂಡಿದ್ದೇನೆ. ಅದು ಸರ್ಕಾರದ ಮುದ್ರೆ ಇದ್ದ ಚೀಟಿ. "ಸರ್ಕಾರದ್ದೇ ಅಲ್ಲವಾ ಅಯ್ಯಾ, ಮೋಸ ಇರಲ್ಲ" ಎಂದು ಒಬ್ಬ ಆಳು ತಂದೆಯವರಿಗೆ ಹೇಳಿದ್ದು ಇನ್ನೂ ಕಿವಿಯಲ್ಲಿದೆ. 2007ರಲ್ಲಿ, ಹಾಸನ ಜಿಲ್ಲೆಯವರೇ ಆದ ಎಚ್. ಡಿ. ಕುಮಾರಸ್ವಾಮಿಯವರು ಮುಖ್ಯಮಂತ್ರಿಯಾಗಿದ್ದಾಗ, ರಾಜ್ಯದಲ್ಲಿ ಲಾಟರಿ ನಿಂತಿತು. ರಾಜಕೀಯವಾಗಿ ಯಾರು ಏನೇ ಹೇಳಲಿ, ನಮ್ಮ ಲೈನ್ ಮನೆಗಳ ಹೆಂಗಸರು ಆ ದಿನವನ್ನು ಮರೆತಿಲ್ಲ.

ಮೇಡಂ ಹೇಳುತ್ತಿರುವುದನ್ನು ಆ ಆಳಿನ ಮಾತು ನೆನಪಾದ ಮೇಲೆ ನಾನು ಬೇರೆ ರೀತಿ ಓದಿದೆ. ಚೀಟಿ ಕೆಟ್ಟದಾಗಿರಲಿ ಒಳ್ಳೆಯದಾಗಿರಲಿ, ಅವನನ್ನು ಮೇಜಿನ ಬಳಿಗೆ ಕರೆತಂದದ್ದು ಮುದ್ರೆ. ಕಳ್ಳ ಬುಕ್ಕಿಗಿಂತ ಹೆಸರುಳ್ಳ ಕಂಪನಿ ವಾಸಿ ಎಂಬ ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ನಿಯಂತ್ರಣ ಇರಬೇಕೋ ನಿಷೇಧ ಇರಬೇಕೋ ಎಂಬ ವಿಷಯದಲ್ಲಿ ಮಾತ್ರ ನನ್ನ ಮನಸ್ಸು ಇನ್ನೂ ತೀರ್ಮಾನಕ್ಕೆ ಬಂದಿಲ್ಲ. ನಿಷೇಧವಾದ ಮೇಲೂ ನಮ್ಮ ಕಡೆ ಹುಡುಗರ ಮೊಬೈಲಿನಲ್ಲಿ ಹೊರದೇಶದ ಆ್ಯಪುಗಳ ಕೊಂಡಿ ಓಡಾಡುತ್ತಲೇ ಇದೆ.

ಅಕ್ಕ, ಆಲೂರು

ಇಲ್ಲಿ ಬರೆಯಬೇಕೋ ಬೇಡವೋ ಎಂದು ತುಂಬಾ ಯೋಚಿಸಿದೆ. ನನ್ನ ತಮ್ಮನಿಗೆ ಇಪ್ಪತ್ತನಾಲ್ಕು ವರ್ಷ. ಮೊದಲು 49 ರೂಪಾಯಿಯ ಆಟ, ಆಮೇಲೆ ಬೇರೆ ಆ್ಯಪ್, ಆಮೇಲೆ ಕೈಸಾಲ. ಅವನು ಮೊದಲ ಸಲ ಸಿಕ್ಕಿಬಿದ್ದಾಗ ಅಪ್ಪನಿಗೆ ಹೇಳಿದ ಮಾತು, "ಟಿವಿಯಲ್ಲೇ ತೋರಿಸ್ತಾರಲ್ಲಪ್ಪ, ತಪ್ಪಾಗಿದ್ರೆ ತೋರಿಸ್ತಿದ್ರಾ?" ಅಪ್ಪನ ಬಳಿ ಅದಕ್ಕೆ ಉತ್ತರ ಇರಲಿಲ್ಲ. ಈಗ ಆ ಆ್ಯಪ್ ನಿಂತಿದೆ, ಆದರೆ ಅವನ ಕೈ ನಿಂತಿಲ್ಲ. ಯಾರ ಬಳಿ ಹೋಗಬೇಕೆಂದು ತಿಳಿದವರು ಹೇಳಿ.

ಗಣಿತ ಉಪನ್ಯಾಸಕ, ಚಿಕ್ಕಮಗಳೂರು

ಆಲೂರಿನ ಸಹೋದರಿ ಅವರೇ, ಮೊದಲು 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್ ಮತ್ತು ಅಂತರ್ಜಾಲದ ಗೀಳಿಗೆ ಪ್ರತ್ಯೇಕ ಚಿಕಿತ್ಸಾಲಯವಿದೆ. ಅಷ್ಟು ದೂರ ಹೋಗುವ ಮುನ್ನ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿರಿ. ನನ್ನ ವಿದ್ಯಾರ್ಥಿಯೊಬ್ಬನ ಮನೆಯವರಿಗೆ ಉಪಯೋಗವಾದ ಒಂದು ಮಾತನ್ನೂ ಹೇಳುತ್ತೇನೆ: ಸಾಲವನ್ನು ಒಮ್ಮೆಲೇ ನೀವೇ ತೀರಿಸಿಬಿಡಬೇಡಿ, ಯಾರಿಗೆ ಎಷ್ಟು ಎಂಬ ಪಟ್ಟಿಯನ್ನು ಅವನ ಕೈಯಲ್ಲೇ ಬರೆಸಿ, ಅವನ ದುಡಿಮೆಯಿಂದ ತಿಂಗಳು ತಿಂಗಳು ತೀರುವಂತೆ ಮಾಡಿ. ಅವನನ್ನು ಒಬ್ಬನೇ ಬಿಡಬೇಡಿ, ಬೈಯುವುದನ್ನೂ ನಿಲ್ಲಿಸಿ. ಅವನು ಸೋತದ್ದು ಬುದ್ಧಿ ಕಡಿಮೆ ಇದ್ದುದಕ್ಕಲ್ಲ. ನಾನು ಮೇಲೆ ಬರೆದ ಲೆಕ್ಕದ ಮುಂದೆ ಯಾರೇ ಆಗಲಿ ಸೋಲುತ್ತಾರೆ.

ಶಿಕ್ಷಕಿ, ಹಾಸನ

ಆಲೂರಿನ ಅಕ್ಕ, ತಮಗೆ ಒಪ್ಪಿಗೆಯಿದ್ದರೆ ಹಾಸನದಲ್ಲಿ ಆಸ್ಪತ್ರೆಗೆ ನಾನೂ ಜೊತೆಗೆ ಬರುತ್ತೇನೆ. ಖಾಸಗಿ ಸಂದೇಶ ಕಳಿಸಿದ್ದೇನೆ, ನೋಡಿ. "ತಪ್ಪಾಗಿದ್ರೆ ತೋರಿಸ್ತಿದ್ರಾ" ಎಂದು ತಮ್ಮ ಸಹೋದರ ಕೇಳಿದ ಪ್ರಶ್ನೆಯನ್ನು ಉತ್ತರ ಕೊಡಬೇಕಾದವರ ಮುಂದೆ ಇಡಬೇಕೆಂದಿದ್ದೇನೆ. ಪ್ರಸಾರ ಸಂಸ್ಥೆಗಳಿಗೂ ಕ್ರಿಕೆಟ್ ಮಂಡಳಿಗೂ ಪತ್ರ ಬರೆಯುತ್ತಿದ್ದೇನೆ. ಕಾನೂನು ಮುಂದೆ ಹೇಗೇ ಬದಲಾದರೂ ಮಕ್ಕಳ ಕಾರ್ಯಕ್ರಮ ಇರುವ ವೇದಿಕೆಯಲ್ಲಿ ಬಾಜಿಗೆ ಹೆಸರು ಕೊಡುವುದಿಲ್ಲವೆಂದು ಅವರು ಲಿಖಿತವಾಗಿ ತಿಳಿಸಲಿ ಎಂಬುದಷ್ಟೇ ಕೋರಿಕೆ. ಕರಡನ್ನು ವಕೀಲರು ಒಮ್ಮೆ ನೋಡಿಕೊಡುವುದಾಗಿ ಹೇಳಿದ್ದಾರೆ.

ಕಾಫಿ ಬೆಳೆಗಾರ, ಮೂಡಿಗೆರೆ

ಪತ್ರಕ್ಕೆ ನನ್ನ ಹೆಸರನ್ನೂ ಸೇರಿಸಿ. ನಮ್ಮೂರ ಟೆನಿಸ್ ಬಾಲ್ ಪಂದ್ಯಾವಳಿಯ ಸಮಿತಿಯಲ್ಲಿ ನಾನಿದ್ದೇನೆ. ಹಿಂದೊಮ್ಮೆ ಮೈದಾನದ ಬ್ಯಾನರು ಮತ್ತು ಅಂಗಿಗಳ ಖರ್ಚು ಕೊಟ್ಟದ್ದು ಒಂದು ಬಾಜಿ ಆ್ಯಪಿನ ಏಜೆಂಟ್. ದುಡ್ಡು ಬಂತಲ್ಲ ಎಂದು ನಾವು ಕೇಳಲೇ ಇಲ್ಲ. ಈ ಸಲವೂ ಅಂಥವರೇ ಯಾರೋ "ಸುದ್ದಿ ಜಾಲತಾಣ" ಎಂಬ ಹೆಸರಿನಲ್ಲಿ ಕೊಡಲು ಮುಂದೆ ಬಂದಿದ್ದರು. ನಿನ್ನೆ ಸಮಿತಿಯಲ್ಲಿ ಬೇಡವೆಂದು ತೀರ್ಮಾನಿಸಿದೆವು. ಗೊಬ್ಬರದ ಅಂಗಡಿಯವರು ಅರ್ಧ, ನಾವು ನಾಲ್ಕು ತೋಟದವರು ಅರ್ಧ ಹಾಕುತ್ತಿದ್ದೇವೆ. ಹದಿನಾಲ್ಕು ವರ್ಷದೊಳಗಿನ ಹುಡುಗರ ಅಂಗಿಗಳ ಮೇಲೆ ಊರಿನ ಹೆಸರು, ಬೆನ್ನಿಗೆ ಅವರವರ ಹೆಸರು ಮಾತ್ರ ಇರುತ್ತದೆ.